ಸಂಬಂಧಗಳಲ್ಲಿ ಗುರಿ ನಿಗದಿ

ಸಂಬಂಧಗಳಲ್ಲಿ ಗುರಿ ನಿಗದಿ ಎಂದರೆ ಕುಟುಂಬ, ದಾಂಪತ್ಯ, ಸ್ನೇಹ ಹಾಗೂ ಉದ್ಯೋಗಕ್ಕೆ ಸೇರಿದ ಸಂಬಂಧಗಳನ್ನು ಉತ್ತಮಪಡಿಸಿಕೊಳ್ಳಲು ಎಣಿಸಬಹುದಾದ ಅಥವಾ ಗಮನಿಸಿ ದಾಖಲಿಸಬಹುದಾದ ನಿರ್ದಿಷ್ಟ ಗುರಿಗಳನ್ನು ಇಟ್ಟುಕೊಳ್ಳುವ ಕ್ರಮ. 'ತಾಯಿಯೊಂದಿಗೆ ಹೆಚ್ಚು ಮಾತನಾಡಬೇಕು' ಎಂಬುದು ಆಶಯ. 'ಪ್ರತಿ ಭಾನುವಾರ ಸಂಜೆ ತಾಯಿಗೆ ಕರೆ ಮಾಡಿ ಕನಿಷ್ಠ 20 ನಿಮಿಷ ಮಾತನಾಡುವುದು' ಎಂಬುದು ಅಳೆಯಬಹುದಾದ ಗುರಿ. ಈ ಕ್ರಮದ ಬೇರುಗಳು ಕೈಗಾರಿಕಾ ಮನೋವಿಜ್ಞಾನ ಮತ್ತು ನಿರ್ವಹಣಾ ಶಾಸ್ತ್ರದಲ್ಲಿವೆ. 1960ರ ದಶಕದ ಕೊನೆಯಿಂದ ಅದನ್ನು ದಾಂಪತ್ಯ ಚಿಕಿತ್ಸೆಯಲ್ಲಿಯೂ, ಅನಂತರ ಸ್ನೇಹ, ಒಂಟಿತನ ಹಾಗೂ ವೃತ್ತಿ ಸಂಪರ್ಕಗಳ ಅಧ್ಯಯನದಲ್ಲಿಯೂ ಬಳಸಲಾಗಿದೆ.

ಕಾರ್ಖಾನೆಯ ಉತ್ಪಾದನೆಗೆ ಗುರಿ ಇಡುವುದಕ್ಕೂ ಸಂಬಂಧಕ್ಕೆ ಗುರಿ ಇಡುವುದಕ್ಕೂ ಮೂಲಭೂತ ವ್ಯತ್ಯಾಸವೊಂದಿದೆ. ಸಂಬಂಧದಲ್ಲಿ ಫಲಿತಾಂಶದ ಅರ್ಧಭಾಗ ಇನ್ನೊಬ್ಬ ವ್ಯಕ್ತಿಯ ಇಚ್ಛೆಗೆ ಸೇರಿದ್ದು. ಆದ್ದರಿಂದ ಗುರಿಯನ್ನು ಇಟ್ಟುಕೊಂಡವರ ಸ್ವಂತ ನಡವಳಿಕೆಯನ್ನು ಅಳೆಯುವ ಗುರಿಗಳು ಉಪಯುಕ್ತವಾಗಬಹುದು. ಎದುರಿನವರ ಪ್ರೀತಿ, ಗೌರವ ಅಥವಾ ಕೃತಜ್ಞತೆಯನ್ನು ಅಂಕೆಗೆ ಇಳಿಸಿ ಬೆನ್ನಟ್ಟುವ ಗುರಿಗಳು ಸಾಮಾನ್ಯವಾಗಿ ವಿಫಲವಾಗುತ್ತವೆ.

ಹಿನ್ನೆಲೆ

ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಲಾಕ್ 1968ರಲ್ಲಿ ಪ್ರಕಟಿಸಿದ ಲೇಖನವು ಗುರಿ ನಿಗದಿ ಸಿದ್ಧಾಂತದ ಆರಂಭವೆಂದು ಪರಿಗಣಿತವಾಗಿದೆ. 'ನಿಮ್ಮಿಂದಾದಷ್ಟು ಚೆನ್ನಾಗಿ ಮಾಡಿ' ಎಂಬ ಸೂಚನೆಗಿಂತ ನಿರ್ದಿಷ್ಟವೂ ಕಠಿಣವೂ ಆದ ಗುರಿಯು ಹೆಚ್ಚಿನ ಸಾಧನೆಗೆ ಕಾರಣವಾಗುತ್ತದೆ ಎಂಬುದು ಅದರ ಸಾರ. ಲಾಕ್ ಮತ್ತು ಗ್ಯಾರಿ ಲೇಥಮ್ 1990ರಲ್ಲಿ ಈ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ವಿಸ್ತರಿಸಿದರು. ಗುರಿಯ ಬಗ್ಗೆ ಬದ್ಧತೆ, ಪ್ರಗತಿಯ ಬಗ್ಗೆ ಹಿಮ್ಮಾಹಿತಿ, ಅಗತ್ಯ ಸಾಮರ್ಥ್ಯ ಮತ್ತು ಕೆಲಸದ ಸಂಕೀರ್ಣತೆ ಇವು ಗುರಿಯ ಪರಿಣಾಮವನ್ನು ನಿರ್ಧರಿಸುತ್ತವೆ ಎಂದು ಅವರು ವಿವರಿಸಿದರು.

ಈ ಸಿದ್ಧಾಂತದ ಪ್ರಸಿದ್ಧ ಕ್ಷೇತ್ರ ಪ್ರಯೋಗವನ್ನು ಲೇಥಮ್ ಮತ್ತು ಬಾಲ್ಡೆಸ್ 1975ರಲ್ಲಿ ಪ್ರಕಟಿಸಿದರು. ಒಕ್ಲಹೋಮ ರಾಜ್ಯದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆ ಕಾನೂನು ಅನುಮತಿಸಿದ ತೂಕದ ಸುಮಾರು ಶೇಕಡ 60ರಷ್ಟನ್ನು ಮಾತ್ರ ತುಂಬಲಾಗುತ್ತಿತ್ತು. ಚಾಲಕರಿಗೆ ಶೇಕಡ 94 ಎಂಬ ನಿರ್ದಿಷ್ಟ ಗುರಿಯನ್ನು ಕೊಟ್ಟ ಬಳಿಕ ಕೆಲವೇ ತಿಂಗಳುಗಳಲ್ಲಿ ಪ್ರಮಾಣವು ಶೇಕಡ 90ರ ಆಸುಪಾಸಿಗೆ ಏರಿತು. ಹೆಚ್ಚುವರಿ ವೇತನವಾಗಲಿ ಹೊಸ ಯಂತ್ರವಾಗಲಿ ಇದಕ್ಕೆ ಬೇಕಾಗಲಿಲ್ಲ. ಇಂತಹ ಫಲಿತಾಂಶಗಳಿಂದಲೇ ಗುರಿ ನಿಗದಿಯು ಜನಪ್ರಿಯವಾಯಿತು. ಆದರೆ ಮರದ ದಿಮ್ಮಿಗೆ ಸ್ವಂತ ಇಚ್ಛೆಯಿಲ್ಲ. ತನ್ನನ್ನು ಲಾರಿಗೆ ಏಕೆ ತುಂಬುತ್ತಿದ್ದಾರೆ ಎಂದು ಅದು ಕೇಳುವುದಿಲ್ಲ. ಲಾರಿಯಿಂದ ದಾಂಪತ್ಯಕ್ಕೆ ಸಿದ್ಧಾಂತವನ್ನು ಒಯ್ದವರು ಈ ವ್ಯತ್ಯಾಸವನ್ನು ನಿಧಾನವಾಗಿ ಕಲಿತರು.

ಗುರಿಗಳ ಕುರಿತ ಜನಪ್ರಿಯ ಬರವಣಿಗೆಯಲ್ಲಿ ಪದೇ ಪದೇ ಕಾಣುವ 'ಸ್ಮಾರ್ಟ್' ಸೂತ್ರವನ್ನು ಜಾರ್ಜ್ ಡೊರಾನ್ 1981ರ ನವೆಂಬರ್‌ನಲ್ಲಿ 'ಮ್ಯಾನೇಜ್‌ಮೆಂಟ್ ರಿವ್ಯೂ' ಪತ್ರಿಕೆಯಲ್ಲಿ ಮಂಡಿಸಿದರು. ನಿರ್ದಿಷ್ಟತೆ, ಅಳೆಯಲು ಸಾಧ್ಯವಿರುವಿಕೆ, ಹೊಣೆಗಾರರ ಗುರುತು, ವಾಸ್ತವಿಕತೆ ಮತ್ತು ಕಾಲಮಿತಿ ಎಂಬ ಐದು ಗುಣಗಳನ್ನು ಅದು ಸೂಚಿಸುತ್ತದೆ. ಪ್ರತಿಯೊಂದು ಗುರಿಯಲ್ಲಿಯೂ ಐದು ಗುಣಗಳು ಇರಲೇಬೇಕೆಂದಿಲ್ಲ, ಕೆಲವು ಸಂದರ್ಭಗಳಲ್ಲಿ ಎಲ್ಲವನ್ನೂ ಅಂಕೆಗೆ ಇಳಿಸುವುದು ವಾಸ್ತವಿಕವಲ್ಲ ಎಂದು ಡೊರಾನ್ ಅದೇ ಲೇಖನದಲ್ಲಿ ಎಚ್ಚರಿಸಿದ್ದರು. ಸೂತ್ರವು ಹರಡಿದಷ್ಟು ವೇಗವಾಗಿ ಈ ಎಚ್ಚರಿಕೆ ಹರಡಲಿಲ್ಲ.

ಸಂಬಂಧಗಳನ್ನು ಅಳೆಯುವ ಪ್ರಯತ್ನಗಳು

ಗುರಿ ಇಡುವ ಮೊದಲು ಅಳತೆಗೋಲು ಬೇಕು. ಗುಂಪಿನೊಳಗಿನ ಆಕರ್ಷಣೆ ಮತ್ತು ವಿಕರ್ಷಣೆಗಳನ್ನು ನಕ್ಷೆಯಾಗಿ ಬಿಡಿಸುವ ಸಮಾಜಮಾಪನ ವಿಧಾನವನ್ನು ಜೇಕಬ್ ಮೊರೆನೊ 1934ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ದಾಂಪತ್ಯ ಸುಖದ ಮಾನಸಿಕ ಅಂಶಗಳ ಕುರಿತು ಲೂಯಿಸ್ ಟರ್ಮನ್ ಅವರ ಅಧ್ಯಯನವು 1938ರಲ್ಲಿ ಹೊರಬಂದಿತು. 1959ರಲ್ಲಿ ಹಾರ್ವಿ ಲಾಕ್ ಮತ್ತು ಕಾರ್ಲ್ ವ್ಯಾಲೇಸ್ 15 ಪ್ರಶ್ನೆಗಳ ದಾಂಪತ್ಯ ಹೊಂದಾಣಿಕೆ ಪರೀಕ್ಷೆಯನ್ನು ರೂಪಿಸಿದರು (ಈ ಲಾಕ್ ಗುರಿ ನಿಗದಿ ಸಿದ್ಧಾಂತದ ಎಡ್ವಿನ್ ಲಾಕ್ ಅಲ್ಲ). ಗ್ರಹಾಂ ಸ್ಪೇನಿಯರ್ 1976ರಲ್ಲಿ ರಚಿಸಿದ 32 ಪ್ರಶ್ನೆಗಳ ಮಾಪಕವು 0ಯಿಂದ 151ರವರೆಗೆ ಅಂಕ ನೀಡುತ್ತದೆ. ಸಹಮತ, ತೃಪ್ತಿ, ಒಗ್ಗಟ್ಟು ಮತ್ತು ಪ್ರೀತಿಯ ಅಭಿವ್ಯಕ್ತಿ ಎಂಬ ನಾಲ್ಕು ಅಂಶಗಳನ್ನು ಅದು ಪ್ರತ್ಯೇಕವಾಗಿ ನೋಡುತ್ತದೆ. ಒಂಟಿತನವನ್ನು ಅಳೆಯಲು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ 20 ಪ್ರಶ್ನೆಗಳ ಮಾಪಕವನ್ನು ಸಿದ್ಧಪಡಿಸಲಾಯಿತು.

ಈ ಮಾಪಕಗಳೆಲ್ಲ ಒಬ್ಬ ವ್ಯಕ್ತಿಯ ಅನುಭವವನ್ನು ಆ ವ್ಯಕ್ತಿಯ ಉತ್ತರಗಳ ಮೂಲಕ ಅಳೆಯುತ್ತವೆ. ಗಂಡ ಮತ್ತು ಹೆಂಡತಿ ಒಂದೇ ದಾಂಪತ್ಯಕ್ಕೆ ಬೇರೆ ಬೇರೆ ಅಂಕ ಕೊಡಬಹುದು. ಆಗ ಯಾವುದು 'ಸರಿಯಾದ' ಅಂಕ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಎರಡೂ ಸರಿ. ಇವು ಸ್ಥಿತಿಯನ್ನು ತಿಳಿಯುವ ಉಪಕರಣಗಳೇ ಹೊರತು ಗುರಿಗಳಲ್ಲ. ಜ್ವರಮಾಪಕದ ಪಾದರಸವನ್ನು ಕೆಳಗಿಳಿಸುವುದರಿಂದ ಜ್ವರ ಇಳಿಯುವುದಿಲ್ಲ.

ವ್ಯಕ್ತಿಗೆ ತಕ್ಕಂತೆ ಗುರಿಯನ್ನೇ ಮಾಪಕವಾಗಿಸುವ ವಿಧಾನವೊಂದನ್ನು ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶೆರ್ಮನ್ 1968ರಲ್ಲಿ ಸಮುದಾಯ ಮಾನಸಿಕ ಆರೋಗ್ಯ ಸೇವೆಗಾಗಿ ಪ್ರಸ್ತಾಪಿಸಿದರು. ಗುರಿಸಾಧನಾ ಮಾಪನ ಎನ್ನಬಹುದಾದ ಈ ವಿಧಾನದಲ್ಲಿ ಪ್ರತಿಯೊಂದು ಗುರಿಗೂ −2ರಿಂದ +2ರವರೆಗೆ ಐದು ಹಂತಗಳನ್ನು ಮೊದಲೇ ಬರೆದಿಡಲಾಗುತ್ತದೆ; 0 ಎಂಬುದು ನಿರೀಕ್ಷಿತ ಮಟ್ಟ. ಉದಾಹರಣೆಗೆ, ಆಸ್ತಿ ಪಾಲಿನ ವ್ಯಾಜ್ಯದ ಬಳಿಕ ಮಾತು ಬಿಟ್ಟ ಅಣ್ಣನೊಂದಿಗೆ ಮೂರು ತಿಂಗಳಲ್ಲಿ ಎರಡು ಬಾರಿ ತಾನಾಗಿ ಮಾತನಾಡಿಸುವುದು 0 ಎಂದಿಟ್ಟುಕೊಂಡರೆ, ಒಮ್ಮೆ ಮಾತ್ರ ಮಾತನಾಡಿಸುವುದು −1, ಒಮ್ಮೆಯೂ ಮಾತನಾಡಿಸದಿರುವುದು −2. ಎರಡು ಬಾರಿ ಮಾತನಾಡಿಸಿದ್ದಲ್ಲದೆ ಒಮ್ಮೆ ಅವನ ಮನೆಗೆ ಹೋಗಿ ಬರುವುದು +1, ವ್ಯಾಜ್ಯದಲ್ಲಿ ತನ್ನ ಕಡೆಯಿಂದಾದ ತಪ್ಪನ್ನೂ ಅವನೆದುರು ಹೇಳಿಕೊಳ್ಳುವುದು +2. ಗೆಲುವು ಅಥವಾ ಸೋಲು ಎಂಬ ಎರಡೇ ತೀರ್ಪುಗಳ ಬದಲು ನಡುವಿನ ಹಂತಗಳಿಗೂ ಇಲ್ಲಿ ಬೆಲೆಯಿದೆ. ಸಂಬಂಧಗಳಿಗೆ ಈ ಗುಣವು ಬಹಳ ಮುಖ್ಯ.

ದಾಂಪತ್ಯ ಚಿಕಿತ್ಸೆಯ ಅನುಭವ

ಅಳೆಯಬಹುದಾದ ಗುರಿಗಳನ್ನು ಆಪ್ತ ಸಂಬಂಧಗಳಿಗೆ ಅನ್ವಯಿಸಿದ ಅತ್ಯಂತ ದೀರ್ಘ ಹಾಗೂ ದಾಖಲಿತ ಪ್ರಯೋಗವು ವರ್ತನಾತ್ಮಕ ದಾಂಪತ್ಯ ಚಿಕಿತ್ಸೆಯಲ್ಲಿ ನಡೆದಿದೆ. ರಿಚರ್ಡ್ ಸ್ಟುವರ್ಟ್ 1969ರಲ್ಲಿ ನಾಲ್ಕು ದಂಪತಿಗಳ ಮೇಲಿನ ಚಿಕಿತ್ಸೆಯನ್ನು ವರದಿ ಮಾಡಿದರು. ಗಂಡಂದಿರು ಮಾತನಾಡುವುದಿಲ್ಲ ಎಂಬುದು ಹೆಂಡತಿಯರ ದೂರು. ದೈಹಿಕ ಆಪ್ತತೆ ಕಡಿಮೆ ಎಂಬುದು ಗಂಡಂದಿರ ದೂರು. ಸ್ಟುವರ್ಟ್ ರೂಪಿಸಿದ ವ್ಯವಸ್ಥೆಯಲ್ಲಿ ಗಂಡನು ಸಂಭಾಷಣೆ ನಡೆಸಿ ಟೋಕನ್‌ಗಳನ್ನು ಗಳಿಸುತ್ತಿದ್ದನು, ಅವುಗಳನ್ನು ದೈಹಿಕ ಆಪ್ತತೆಗೆ ವಿನಿಮಯ ಮಾಡಿಕೊಳ್ಳುತ್ತಿದ್ದನು. ಸಂಭಾಷಣೆಯ ಪ್ರಮಾಣವೂ ಆಪ್ತತೆಯ ಪ್ರಮಾಣವೂ ಏರಿದವು. ಇಂದಿನ ಓದುಗರಿಗೆ ಈ ಏರ್ಪಾಡು ವಿಚಿತ್ರವಾಗಿಯೂ, ಹೆಂಡತಿಯ ಸಮ್ಮತಿಯನ್ನು ಬೆಲೆಪಟ್ಟಿಗೆ ಇಳಿಸಿದಂತೆಯೂ ಕಂಡರೆ ಅದು ಸಹಜ. ಆದರೂ ದಾಂಪತ್ಯದ ದೂರುಗಳನ್ನು 'ಅವರಿಗೆ ನನ್ನ ಮೇಲೆ ಪ್ರೀತಿಯಿಲ್ಲ' ಎಂಬ ತೀರ್ಪಿನಿಂದ 'ಸಂಜೆ ಮನೆಗೆ ಬಂದ ಮೇಲೆ ನನ್ನೊಂದಿಗೆ ಮಾತನಾಡುವುದಿಲ್ಲ' ಎಂಬ ಗಮನಿಸಬಹುದಾದ ವರ್ತನೆಗೆ ಅನುವಾದಿಸಬಹುದು ಎಂಬುದನ್ನು ಅದು ತೋರಿಸಿತು.

1970ರ ದಶಕದಲ್ಲಿ ಚಿಕಿತ್ಸಕರು ಲಿಖಿತ ಒಪ್ಪಂದಗಳನ್ನು ಬಳಸಿದರು. ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಕೊಟ್ಟು ತೆಗೆದುಕೊಳ್ಳುವ ಒಪ್ಪಂದ: ನೀನು ಇದನ್ನು ಮಾಡಿದರೆ ನಾನು ಅದನ್ನು ಮಾಡುತ್ತೇನೆ. ಒಬ್ಬರು ಒಂದು ದಿನ ತಪ್ಪಿದರೆ ಇನ್ನೊಬ್ಬರ ಕರ್ತವ್ಯವೂ ಅಂದೇ ನಿಂತು ಇಡೀ ಒಪ್ಪಂದ ಕುಸಿಯುವುದು ಇದರ ದೋಷ. ಎರಡನೆಯದು ಸದ್ಭಾವನೆಯ ಒಪ್ಪಂದ: ಪ್ರತಿಯೊಬ್ಬರ ಬದಲಾವಣೆಯೂ ಇನ್ನೊಬ್ಬರ ನಡವಳಿಕೆಗೆ ಕಟ್ಟುಬೀಳದೆ ಪ್ರತ್ಯೇಕವಾಗಿರುತ್ತದೆ. ಸ್ಟುವರ್ಟ್ ಅವರೇ ತಮ್ಮ ಟೋಕನ್ ಪದ್ಧತಿಯನ್ನು ಬಿಟ್ಟು 'ಕಾಳಜಿಯ ದಿನಗಳು' ಎಂಬ ಅಭ್ಯಾಸಕ್ಕೆ ಬಂದರು. ಅದರಲ್ಲಿ ದಂಪತಿಗಳು ಪರಸ್ಪರರಿಗೆ ಇಷ್ಟವಾಗುವ ಕೆಲಸಗಳ ಪಟ್ಟಿ ತಯಾರಿಸುತ್ತಾರೆ. ಪಟ್ಟಿಯಲ್ಲಿರುವ ಕೆಲಸಗಳು ಚಿಕ್ಕವಾಗಿರಬೇಕು, ನಿರ್ದಿಷ್ಟವಾಗಿರಬೇಕು, ದಿನವೂ ಮಾಡಬಹುದಾದಂತಿರಬೇಕು, ಇತ್ತೀಚಿನ ತೀವ್ರ ಜಗಳದ ವಿಷಯವಾಗಿರಬಾರದು. ಎದುರಿನವರು ತಮ್ಮ ಪಾಲನ್ನು ಮಾಡಿದರೂ ಮಾಡದಿದ್ದರೂ ತಮ್ಮ ಪಾಲನ್ನು ಮಾಡುವುದು ಇದರ ನಿಯಮ. ವಿನಿಮಯದಿಂದ ಏಕಪಕ್ಷೀಯ ಹೊಣೆಗೆ ಬಂದ ಈ ಹೆಜ್ಜೆಯೇ ಸಂಬಂಧ ಗುರಿಗಳ ಇತಿಹಾಸದಲ್ಲಿ ಅತಿ ಮುಖ್ಯವಾದ ತಿರುವು ಎನ್ನಬಹುದು.

ಇದರ ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್ಸನ್ ಕೈಗೆತ್ತಿಕೊಂಡರು. 1984ರಲ್ಲಿ ಅವರು ಚಿಕಿತ್ಸೆಯ ಭಾಗಗಳನ್ನು ಬಿಡಿಸಿ ಹೋಲಿಸಿದರು. ಹಿತಕರ ವರ್ತನೆಗಳನ್ನು ಹೆಚ್ಚಿಸುವ ವಿಧಾನ ಮಾತ್ರ ಪಡೆದ ದಂಪತಿಗಳಲ್ಲಿ ಸುಧಾರಣೆ ಬೇಗ ಕಾಣಿಸಿಕೊಂಡಿತು, ಆದರೆ ಆರು ತಿಂಗಳೊಳಗೆ ಹಲವರಲ್ಲಿ ಹಿಂದೆ ಸರಿಯಿತು. ಮಾತುಕತೆ ಮತ್ತು ಸಮಸ್ಯೆ ಪರಿಹಾರದ ತರಬೇತಿಯನ್ನು ಕಲಿತವರಲ್ಲಿ ಪರಿಣಾಮವು ಹೆಚ್ಚು ಬಾಳಿತು. ಎಣಿಕೆಯ ಗುರಿಯು ಆರಂಭಕ್ಕೆ ಒಳ್ಳೆಯದು, ಉಳಿಕೆಗೆ ಸಾಲದು ಎಂಬ ಎಚ್ಚರಿಕೆ ಇದರಲ್ಲಿದೆ.

ಜೇಕಬ್ಸನ್ ಮತ್ತು ಆಂಡ್ರ್ಯೂ ಕ್ರಿಸ್ಟೆನ್ಸೆನ್ 1990ರ ದಶಕದಲ್ಲಿ ರೂಪಿಸಿದ ಸಮಗ್ರ ವರ್ತನಾತ್ಮಕ ದಾಂಪತ್ಯ ಚಿಕಿತ್ಸೆಯು ಬದಲಾವಣೆಯ ಜೊತೆಗೆ ಸ್ವೀಕಾರಕ್ಕೂ ಸ್ಥಾನ ಕೊಟ್ಟಿತು. ಅವರ ವಾದ ಸರಳವಾಗಿತ್ತು. ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಕೊಟ್ಟ ಮುತ್ತು ತಾನಾಗಿ ಬಂದ ಮುತ್ತಿನಂತೆ ಅನುಭವಕ್ಕೆ ಬರುವುದಿಲ್ಲ. ಪಡೆದವರು ಅದನ್ನು ಮನೆಗೆಲಸದ ಪೂರೈಕೆ ಎಂದು ಓದಿಕೊಳ್ಳುತ್ತಾರೆ. ಹಳೆಯ ಮತ್ತು ಹೊಸ ವಿಧಾನಗಳನ್ನು 134 ದಂಪತಿಗಳಲ್ಲಿ ಹೋಲಿಸಿದ ಅಧ್ಯಯನದ ಮೊದಲ ಫಲಿತಾಂಶಗಳು 2004ರಲ್ಲಿ ಪ್ರಕಟವಾದವು. ಐದು ವರ್ಷಗಳ ಬಳಿಕ ಎರಡೂ ಗುಂಪುಗಳಲ್ಲಿ ಸುಮಾರು ಅರ್ಧದಷ್ಟು ದಂಪತಿಗಳು ಗಣನೀಯವಾಗಿ ಸುಧಾರಿಸಿದ್ದರು, ಸುಮಾರು ಕಾಲುಭಾಗದಷ್ಟು ದಂಪತಿಗಳು ಬೇರೆಯಾಗಿದ್ದರು. ಆ ಹೊತ್ತಿಗೆ ಎರಡು ವಿಧಾನಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಉಳಿದಿರಲಿಲ್ಲ. ಹೊಸ ವಿಧಾನದ ಪ್ರತಿಪಾದಕರು ಇದನ್ನು ಮುಚ್ಚಿಡದೆ ಪ್ರಕಟಿಸಿದ್ದು ಗಮನಾರ್ಹ.

ಇದೇ ಕ್ಷೇತ್ರದಿಂದ ಬಂದ, ಜನಪ್ರಿಯ ಬರಹಗಳಲ್ಲಿ ಗುರಿಯಾಗಿ ಮಾರ್ಪಟ್ಟ ಒಂದು ಅಂಕೆ 5:1. ಜಾನ್ ಗಾಟ್‌ಮನ್ ಮತ್ತು ಅವರ ಸಹೋದ್ಯೋಗಿಗಳು ದಂಪತಿಗಳ ಸಂಭಾಷಣೆಗಳನ್ನು ಚಿತ್ರೀಕರಿಸಿ ಭಾವಾಭಿವ್ಯಕ್ತಿಗಳನ್ನು ಸಂಕೇತೀಕರಿಸಿದರು. ಭಿನ್ನಾಭಿಪ್ರಾಯದ ಮಾತುಕತೆಯ ನಡುವೆಯೂ ಸ್ಥಿರ ದಂಪತಿಗಳಲ್ಲಿ ಒಂದು ನಕಾರಾತ್ಮಕ ವರ್ತನೆಗೆ ಸುಮಾರು ಐದು ಸಕಾರಾತ್ಮಕ ವರ್ತನೆಗಳು ಕಂಡುಬಂದವು ಎಂಬುದು ಅವರ ವರದಿ. ಇದು ವೀಕ್ಷಣೆಯಿಂದ ದೊರೆತ ಅನುಪಾತ. ದಿನಕ್ಕೆ ಐದು ಹೊಗಳಿಕೆ ಎಂಬ ಕೋಟಾವನ್ನು ಪೂರೈಸಿದರೆ ದಾಂಪತ್ಯ ಸ್ಥಿರವಾಗುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು. ವಿಚ್ಛೇದನವನ್ನು ಮುಂಚಿತವಾಗಿ ಊಹಿಸುವ ಸಮೀಕರಣಗಳನ್ನು ಬೇರೊಂದು ಗುಂಪಿನಲ್ಲಿ ಪರೀಕ್ಷಿಸದೆ ನಂಬುವುದರ ಅಪಾಯವನ್ನು ರಿಚರ್ಡ್ ಹೇಮನ್ ಮತ್ತು ಆಮಿ ಸ್ಲೆಪ್ 2001ರಲ್ಲಿ ತೋರಿಸಿಕೊಟ್ಟರು.

ಲೆಕ್ಕವಿಡುವ ಮತ್ತು ಲೆಕ್ಕವಿಡದ ಸಂಬಂಧಗಳು

ಗುರಿಯನ್ನು ಎಣಿಸುವುದು ಕೆಲವು ಸಂಬಂಧಗಳಲ್ಲಿ ಏಕೆ ಮುಜುಗರ ತರುತ್ತದೆ ಎಂಬುದಕ್ಕೆ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ 1979ರಲ್ಲಿ ಮಾಡಿದ ವಿಂಗಡಣೆಯು ವಿವರಣೆ ನೀಡುತ್ತದೆ. ವಿನಿಮಯ ಸಂಬಂಧದಲ್ಲಿ ಪಡೆದದ್ದಕ್ಕೆ ಸಮನಾಗಿ ಹಿಂದಿರುಗಿಸುವ ನಿರೀಕ್ಷೆಯಿರುತ್ತದೆ. ಆತ್ಮೀಯ ಸಂಬಂಧದಲ್ಲಿ ಅಗತ್ಯವೇ ಕೊಡುಗೆಗೆ ಕಾರಣ. ಕ್ಲಾರ್ಕ್ ಅವರ 1984ರ ಪ್ರಯೋಗವೊಂದು ಇದನ್ನು ಸೊಗಸಾಗಿ ತೋರಿಸುತ್ತದೆ. ಇಬ್ಬರು ಸೇರಿ ಅಂಕೆಗಳ ಹಾಳೆಯೊಂದರಲ್ಲಿ ನಿರ್ದಿಷ್ಟ ಅಂಕೆಗಳನ್ನು ಹುಡುಕಿ ಗುರುತು ಮಾಡಬೇಕಿತ್ತು. ಗುರುತು ಮಾಡಲು ಬೇರೆ ಬೇರೆ ಬಣ್ಣದ ಲೇಖನಿಗಳಿದ್ದವು. ಅಪರಿಚಿತರು ಸಾಮಾನ್ಯವಾಗಿ ಜೊತೆಗಾರರದ್ದಕ್ಕಿಂತ ಭಿನ್ನವಾದ ಬಣ್ಣವನ್ನು ಆರಿಸಿಕೊಂಡರು. ಯಾರ ಕೆಲಸ ಎಷ್ಟು ಎಂಬುದು ಆಗ ಕಾಣುತ್ತದೆ. ಸ್ನೇಹಿತರಲ್ಲಿ ಈ ಪ್ರವೃತ್ತಿ ಕಡಿಮೆಯಿತ್ತು. ಲೆಕ್ಕ ಸಿಗದಂತೆ ನೋಡಿಕೊಳ್ಳುವುದೇ ಸ್ನೇಹದ ಒಂದು ಗುರುತು ಎಂದು ಇದನ್ನು ಓದಬಹುದು.

ಆದರೆ ಲೆಕ್ಕವಿಡುವುದೆಲ್ಲ ಆತ್ಮೀಯತೆಗೆ ವಿರೋಧಿ ಎನ್ನುವಂತಿಲ್ಲ. ಕರ್ನಾಟಕದ ಗ್ರಾಮಜೀವನದ ಮುಯ್ಯಿ ಪದ್ಧತಿಯು ಇದಕ್ಕೆ ಉತ್ತಮ ನಿದರ್ಶನ. ಮದುವೆ ಮೊದಲಾದ ಸಮಾರಂಭಗಳಲ್ಲಿ ನೆಂಟರು ಮತ್ತು ಊರವರು ಕೊಟ್ಟ ಹಣ ಅಥವಾ ವಸ್ತುವನ್ನು ಹೆಸರು ಸಹಿತ ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಕಾರ್ಯಕ್ಕೆ ಅದಕ್ಕೆ ತಕ್ಕಂತೆ ಹಿಂದಿರುಗಿಸಲಾಗುತ್ತದೆ. ಬೇಸಾಯದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಿಗೆ ಆಳು, ದಿನಕ್ಕೆ ದಿನ ಎಂಬಂತೆ ದುಡಿಯುವುದನ್ನು ಮುಯ್ಯಾಳು ಎನ್ನುತ್ತಾರೆ. ಇಲ್ಲಿ ಅಂಕೆಯು ಬಹಿರಂಗ, ಎಲ್ಲರಿಗೂ ಒಪ್ಪಿತ. ಆದರೆ ಪುಸ್ತಕದಲ್ಲಿ ದಾಖಲಾಗುವುದು ಹೊಣೆಯೇ ಹೊರತು ಪ್ರೀತಿಯಲ್ಲ. ಯಾರು ಎಷ್ಟು ಮನಸ್ಸಿಟ್ಟು ಬಂದರು ಎಂಬುದನ್ನು ಯಾವ ಮುಯ್ಯಿ ಪುಸ್ತಕವೂ ಬರೆದಿಡುವುದಿಲ್ಲ. ಎಣಿಸಬಹುದಾದದ್ದನ್ನು ಎಣಿಸಿ ಉಳಿದದ್ದನ್ನು ಬಿಟ್ಟ ಈ ವಿವೇಕವು ಆಧುನಿಕ ಗುರಿ ಪಟ್ಟಿಗಳಲ್ಲಿ ಅಪರೂಪ.

ಸ್ನೇಹ ಮತ್ತು ಸಮಯ

ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಹೊಸ ಊರಿಗೆ ಬಂದವರು ಮತ್ತು ಹೊಸದಾಗಿ ಕಾಲೇಜು ಸೇರಿದವರು ಪರಿಚಿತರೊಂದಿಗೆ ಕಳೆದ ಸಮಯವನ್ನು ಪರಿಶೀಲಿಸಿತು. ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹವಾಗಲು ಸುಮಾರು 90 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗಳಿಗೂ ಹೆಚ್ಚು ಬೇಕೆಂಬ ಅಂದಾಜನ್ನು ಹಾಲ್ ನೀಡಿದರು. ಒಟ್ಟಿಗೆ ದುಡಿದ ಅಥವಾ ಒಂದೇ ತರಗತಿಯಲ್ಲಿ ಕುಳಿತ ಗಂಟೆಗಳು ಬಿಡುವಿನ ವೇಳೆ ಕಳೆದ ಗಂಟೆಗಳಷ್ಟು ಫಲ ಕೊಡಲಿಲ್ಲ. ವರ್ಷಗಟ್ಟಲೆ ಪಕ್ಕದ ಮೇಜಿನಲ್ಲಿದ್ದ ಸಹೋದ್ಯೋಗಿ ಸ್ನೇಹಿತನಾಗದೆ ಉಳಿಯುವುದಕ್ಕೆ ಇದು ಒಂದು ಕಾರಣ. ಹೊಸ ಊರಿನಲ್ಲಿ ಎರಡೇ ತಿಂಗಳಲ್ಲಿ ಆಪ್ತರು ಸಿಗಲಿಲ್ಲವೆಂದು ಕೊರಗುವ ವಿದ್ಯಾರ್ಥಿಗೆ ಈ ಅಂಕೆಗಳು ಗುರಿಯಾಗಿ ಅಲ್ಲದಿದ್ದರೂ ಸಮಾಧಾನವಾಗಿ ಉಪಯೋಗಕ್ಕೆ ಬರಬಹುದು: ವಾರಕ್ಕೆ ಮೂರು ಗಂಟೆಯಂತೆ ಲೆಕ್ಕ ಹಾಕಿದರೆ 90 ಗಂಟೆಗೆ ಏಳು ತಿಂಗಳು ಬೇಕು.

ಎಷ್ಟು ಜನರೊಂದಿಗೆ ಸಂಬಂಧ ಉಳಿಸಿಕೊಳ್ಳಬಹುದು ಎಂಬ ಪ್ರಶ್ನೆಗೆ ರಾಬಿನ್ ಡನ್‌ಬಾರ್ 1990ರ ದಶಕದ ಆರಂಭದಲ್ಲಿ, ವಾನರ ಕುಲದ ಪ್ರಾಣಿಗಳ ಮಿದುಳಿನ ಹೊರಪದರದ ಗಾತ್ರದಿಂದ ಲೆಕ್ಕ ಹಾಕಿ, ಸುಮಾರು 150 ಎಂಬ ಉತ್ತರ ಕೊಟ್ಟರು. ಅದರೊಳಗೆ ಸುಮಾರು 5, 15 ಮತ್ತು 50 ಜನರ ಒಳವಲಯಗಳಿವೆ ಎಂಬುದು ಅವರ ನಿಲುವು. ಸ್ಟಾಕ್‌ಹೋಮ್‌ನ ಸಂಶೋಧಕರು 2021ರಲ್ಲಿ ಅದೇ ಬಗೆಯ ಲೆಕ್ಕವನ್ನು ಮರುಪರಿಶೀಲಿಸಿ, ದೋಷದ ವ್ಯಾಪ್ತಿ ತೀರ ದೊಡ್ಡದಾದ್ದರಿಂದ ಒಂದು ನಿಶ್ಚಿತ ಅಂಕೆಯನ್ನು ಹೇಳಲಾಗದು ಎಂದರು. ಅಂಕೆ ಏನೇ ಇರಲಿ, ಸಮಯಕ್ಕೆ ಮಿತಿಯಿದೆ. ಎಲ್ಲರೊಂದಿಗೂ ಆಪ್ತತೆ ಎಂಬ ಗುರಿಯು ಯಾರೊಂದಿಗೂ ಆಪ್ತತೆಯಿಲ್ಲದಂತೆ ಮಾಡಬಲ್ಲದು.

ವೃತ್ತಿ ಸಂಬಂಧಗಳು

ವೃತ್ತಿಕ್ಷೇತ್ರದಲ್ಲಿ ಸಂಪರ್ಕಗಳ ಸಂಖ್ಯೆಯನ್ನೇ ಗುರಿಯಾಗಿಸಿಕೊಳ್ಳುವ ರೂಢಿಯಿದೆ. ಸಂಶೋಧನೆಯು ಬೇರೆ ಕಡೆಗೆ ಬೆರಳು ತೋರಿಸುತ್ತದೆ. ಮಾರ್ಕ್ ಗ್ರಾನೊವೆಟರ್ ಅವರ 1973ರ ಲೇಖನವು ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಪರಿಚಿತರ ಮೂಲಕ ಕೆಲಸ ಪಡೆದವರನ್ನು ಆಧರಿಸಿದೆ. ಕೆಲಸದ ಸುಳಿವು ಕೊಟ್ಟವರನ್ನು ಆ ಕಾಲದಲ್ಲಿ ವಾರಕ್ಕೆ ಎರಡು ಬಾರಿಯಾದರೂ ಕಾಣುತ್ತಿದ್ದವರು ಶೇಕಡ 16.7 ಮಾತ್ರ, ಅದಕ್ಕಿಂತ ಕಡಿಮೆ ಆದರೆ ವರ್ಷಕ್ಕೊಮ್ಮೆಗಿಂತ ಹೆಚ್ಚು ಕಾಣುತ್ತಿದ್ದವರು ಶೇಕಡ 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ವಿರಳವಾಗಿ ಕಾಣುತ್ತಿದ್ದವರು ಶೇಕಡ 27.8. ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದಿರುತ್ತದೆ. ದೂರದ ಪರಿಚಿತರು ಬೇರೊಂದು ವಲಯದ ಸುದ್ದಿಯನ್ನು ತರುತ್ತಾರೆ. ಲಿಂಕ್ಡ್‌ಇನ್ ಜಾಲತಾಣದ ಸುಮಾರು ಎರಡು ಕೋಟಿ ಬಳಕೆದಾರರ ಐದು ವರ್ಷಗಳ ಪ್ರಯೋಗ ದತ್ತಾಂಶವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ತೀರ ದುರ್ಬಲವೂ ಅಲ್ಲದ, ಗಾಢವೂ ಅಲ್ಲದ ನಡುವಿನ ಸಂಪರ್ಕಗಳೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾದವು ಎಂದು ತೋರಿಸಿತು. ಕನಿಷ್ಠ ಮೂರು ವರ್ಷ ಸಂಪರ್ಕ ತಪ್ಪಿದ್ದ ಹಳೆಯ ಪರಿಚಿತರನ್ನು ಮತ್ತೆ ಸಂಪರ್ಕಿಸಿದಾಗ ಹೊಸತನದ ಸಲಹೆಗಳು ದೊರೆತವು ಎಂಬುದು ಡೇನಿಯಲ್ ಲೆವಿನ್ ಮತ್ತು ಸಹೋದ್ಯೋಗಿಗಳ 2011ರ ಅಧ್ಯಯನದ ಫಲಿತಾಂಶ. ಹಾಗಾಗಿ 'ಈ ವರ್ಷ 500 ಸಂಪರ್ಕ' ಎಂಬ ಗುರಿಗಿಂತ 'ತಿಂಗಳಿಗೆ ಇಬ್ಬರು ಹಳೆಯ ಸಹೋದ್ಯೋಗಿಗಳಿಗೆ ಕ್ಷೇಮ ವಿಚಾರಿಸಿ ಪತ್ರ' ಎಂಬ ಗುರಿಗೆ ಆಧಾರ ಹೆಚ್ಚು.

ಮೇಲಧಿಕಾರಿ ಮತ್ತು ಕೈಕೆಳಗಿನವರ ಸಂಬಂಧದಲ್ಲಿ ಸುಲಭವಾಗಿ ಅಳೆಯಬಹುದಾದ ಗುರಿ ಎಂದರೆ ಇಬ್ಬರ ನಡುವಿನ ನಿಯತ ಭೇಟಿ. ಇಂಟೆಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ಗ್ರೋವ್ 1983ರ 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್' ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಭೇಟಿಯು ಕನಿಷ್ಠ ಒಂದು ಗಂಟೆಯದ್ದಾಗಿರಬೇಕು, ಅದರ ವಿಷಯಸೂಚಿಯನ್ನು ಕೈಕೆಳಗಿನವರೇ ಸಿದ್ಧಪಡಿಸಬೇಕು, ಎಷ್ಟು ದಿನಕ್ಕೊಮ್ಮೆ ಎಂಬುದು ಆ ಕೆಲಸದಲ್ಲಿ ಅವರಿಗಿರುವ ಅನುಭವವನ್ನು ಅವಲಂಬಿಸಬೇಕು ಎಂಬುದು ಅವರ ಅಭಿಪ್ರಾಯ. ಎಲ್ಲರಿಗೂ ಒಂದೇ ಅಂಕೆಯನ್ನು ನಿಗದಿಪಡಿಸದಿರುವುದು ಈ ಸಲಹೆಯ ಬಲ. ಈ ಸಂಬಂಧದ ಗುಣಮಟ್ಟವನ್ನು ಅಳೆಯಲು ಏಳು ಪ್ರಶ್ನೆಗಳ ಮಾಪಕವೊಂದು ಬಳಕೆಯಲ್ಲಿದೆ. ಅದರಲ್ಲಿ ಮುಖ್ಯಸ್ಥರು ಕೊಡುವ ಅಂಕಗಳೂ ಸಿಬ್ಬಂದಿ ಕೊಡುವ ಅಂಕಗಳೂ ಸಾಧಾರಣ ಮಟ್ಟಿಗೆ ಮಾತ್ರ ಹೊಂದುತ್ತವೆ. ತಮ್ಮ ತಂಡದೊಂದಿಗೆ ತಮ್ಮ ಸಂಬಂಧ ಚೆನ್ನಾಗಿದೆ ಎಂಬ ಮುಖ್ಯಸ್ಥರ ಭರವಸೆಯನ್ನು ತಂಡದ ಬಾಯಿಂದ ಕೇಳದೆ ಒಪ್ಪುವಂತಿಲ್ಲ.

ಗುರಿಯನ್ನು ರೂಪಿಸುವ ಕ್ರಮ

ಮೇಲಿನ ಅನುಭವಗಳಿಂದ ಗುರಿಯ ಆಯ್ಕೆಗೆ ಕೆಲವು ಸೂಚನೆಗಳು ದೊರೆಯುತ್ತವೆ. ಗುರಿಯು ಸ್ವಂತ ಕೈಯಲ್ಲಿರುವ ಕ್ರಿಯೆಯಾಗಿರಬೇಕು. 'ಆರು ತಿಂಗಳಲ್ಲಿ ಮಗಳು ನನ್ನೊಂದಿಗೆ ಎಲ್ಲವನ್ನೂ ಹೇಳಿಕೊಳ್ಳುವಂತಾಗಬೇಕು' ಎಂಬುದು ಮಗಳ ಮೇಲೆ ಹೊರಿಸಿದ ಗುರಿ. 'ರಾತ್ರಿ ಊಟದ ವೇಳೆ ದೂರವಾಣಿಯನ್ನು ಬೇರೆ ಕೋಣೆಯಲ್ಲಿಡುವುದು, ಅವಳು ಮಾತನಾಡುವಾಗ ನಡುವೆ ಬುದ್ಧಿವಾದ ಹೇಳದಿರುವುದು' ಎಂಬುದು ತಂದೆ ಅಥವಾ ತಾಯಿಯ ಗುರಿ. ಅದನ್ನು ವಾರದ ಕೊನೆಗೆ ಏಳರಲ್ಲಿ ಎಷ್ಟು ದಿನ ಎಂದು ಎಣಿಸಬಹುದು.

ಗುರಿಯ ದಿಕ್ಕೂ ಮುಖ್ಯ. ಶೆಲ್ಲಿ ಗೇಬಲ್ 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಳಿತಿನ ಕಡೆಗೆ ಸಾಗುವ ಸಾಮಾಜಿಕ ಗುರಿಗಳು ಕಡಿಮೆ ಒಂಟಿತನದೊಂದಿಗೂ, ತಿರಸ್ಕಾರ ಅಥವಾ ಜಗಳವನ್ನು ತಪ್ಪಿಸಿಕೊಳ್ಳುವ ಗುರಿಗಳು ಹೆಚ್ಚಿನ ಒಂಟಿತನದೊಂದಿಗೂ ಸಂಬಂಧ ಹೊಂದಿದ್ದವು. 'ಈ ತಿಂಗಳು ಜಗಳವೇ ಆಡಬಾರದು' ಎಂಬ ಗುರಿಯನ್ನು ಮೌನದಿಂದಲೂ ಸಾಧಿಸಬಹುದು ಎಂಬುದನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಜೆನಿಫರ್ ಕ್ರಾಕರ್ ಮತ್ತು ಏಮಿ ಕೆನೆವೆಲ್ಲೊ 2008ರಲ್ಲಿ ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆಸಿದ ಅಧ್ಯಯನವು, ಇತರರ ಹಿತವನ್ನು ಬಯಸುವ ಗುರಿಗಳಿಗೂ ತನ್ನ ವರ್ಚಸ್ಸನ್ನು ಕಾಯ್ದುಕೊಳ್ಳುವ ಗುರಿಗಳಿಗೂ ಬೇರೆ ಬೇರೆ ಪರಿಣಾಮಗಳಿವೆ ಎಂದು ಕಂಡಿತು.

ಗುರಿಯನ್ನು ಸಮಯ ಮತ್ತು ಸಂದರ್ಭಕ್ಕೆ ಕಟ್ಟುವುದರಿಂದ ಅದು ಮರೆಯದೆ ನಡೆಯುತ್ತದೆ. ಪೀಟರ್ ಗೋಲ್ವಿಟ್ಸರ್ 1999ರಲ್ಲಿ ವಿವರಿಸಿದ 'ಹೀಗಾದಾಗ ಹೀಗೆ ಮಾಡುವೆ' ಎಂಬ ಸಂಕಲ್ಪದ ರೂಪ ಇಲ್ಲಿ ಉಪಯುಕ್ತ: 'ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೆ ಮೊದಲು ಅಜ್ಜಿಯನ್ನು ಮಾತನಾಡಿಸುವೆ'.

ಗುರಿ ದೊಡ್ಡದಾಗಿರಬೇಕೆಂಬ ನಿಯಮವೂ ಇಲ್ಲ. ಎಲಿ ಫಿಂಕೆಲ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120 ದಂಪತಿಗಳನ್ನು ಎರಡು ವರ್ಷ ಅನುಸರಿಸಲಾಯಿತು. ಮೊದಲ ವರ್ಷದಲ್ಲಿ ಎಲ್ಲರ ದಾಂಪತ್ಯದ ಗುಣಮಟ್ಟವೂ ಸ್ವಲ್ಪ ಇಳಿಯಿತು. ಎರಡನೆಯ ವರ್ಷ ಅರ್ಧದಷ್ಟು ದಂಪತಿಗಳು ನಾಲ್ಕು ತಿಂಗಳಿಗೊಮ್ಮೆ ಏಳು ನಿಮಿಷ, ತಮ್ಮ ನಡುವಿನ ಭಿನ್ನಾಭಿಪ್ರಾಯವನ್ನು ಇಬ್ಬರ ಒಳಿತನ್ನೂ ಬಯಸುವ ಮೂರನೆಯ ವ್ಯಕ್ತಿಯ ದೃಷ್ಟಿಯಿಂದ ಬರೆದರು. ವರ್ಷಕ್ಕೆ ಒಟ್ಟು 21 ನಿಮಿಷ. ಬರೆದವರಲ್ಲಿ ಇಳಿಕೆ ನಿಂತಿತು, ಬರೆಯದವರಲ್ಲಿ ಮುಂದುವರಿಯಿತು. ಜಗಳಗಳ ಸಂಖ್ಯೆ ಕಡಿಮೆಯಾಗದಿದ್ದರೂ ಅವುಗಳಿಂದಾಗುವ ಸಂಕಟ ಕಡಿಮೆಯಾಯಿತು ಎಂಬುದು ಗಮನಿಸಬೇಕಾದ ಅಂಶ. ಜಗಳಗಳನ್ನಷ್ಟೇ ಎಣಿಸಿದ್ದರೆ ಈ ಅಭ್ಯಾಸವನ್ನು ವಿಫಲವೆಂದು ಬಿಟ್ಟುಬಿಡಬೇಕಾಗುತ್ತಿತ್ತು.

ಮಿತಿಗಳು ಮತ್ತು ಟೀಕೆ

ಅಳತೆಯೇ ಗುರಿಯಾದಾಗ ಅಳತೆಯು ತನ್ನ ಯೋಗ್ಯತೆಯನ್ನು ಕಳೆದುಕೊಳ್ಳುತ್ತದೆ ಎಂಬ ನಿಯಮವು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. 1975ರಲ್ಲಿ ಅವರು ಹಣಕಾಸು ನೀತಿಯ ಬಗ್ಗೆ ಹೇಳಿದ್ದನ್ನು ಮಾನವಶಾಸ್ತ್ರಜ್ಞೆ ಮೆರಿಲಿನ್ ಸ್ಟ್ರಾದರ್ನ್ 1997ರಲ್ಲಿ ಈ ಸಾಮಾನ್ಯ ರೂಪಕ್ಕೆ ತಂದರು. ಸಂಬಂಧಗಳಲ್ಲಿ ಇದರ ಪರಿಚಿತ ಉದಾಹರಣೆ ಸ್ನ್ಯಾಪ್‌ಚಾಟ್‌ನ 'ಸ್ಟ್ರೀಕ್' ಎಣಿಕೆ. ಇಬ್ಬರು ಸ್ನೇಹಿತರು ಸತತವಾಗಿ ಎಷ್ಟು ದಿನ ಪರಸ್ಪರ ಚಿತ್ರ ಕಳುಹಿಸಿದರು ಎಂಬುದನ್ನು ಅದು ತೋರಿಸುತ್ತದೆ. ಎಣಿಕೆ ತಪ್ಪದಿರಲೆಂದು ಹದಿಹರೆಯದವರು ಗೋಡೆಯ ಅಥವಾ ನೆಲದ ಚಿತ್ರವನ್ನು ಕಳುಹಿಸಿ ಮುಗಿಸುವುದುಂಟು. ಸಂಖ್ಯೆ ಏರುತ್ತದೆ, ಸಂಭಾಷಣೆ ಇರುವುದಿಲ್ಲ. ಲೀಸಾ ಓರ್ಡೋನೆಜ್ ಮತ್ತು ಸಹೋದ್ಯೋಗಿಗಳು 2009ರ ಪ್ರಬಂಧವೊಂದರಲ್ಲಿ, ಸಂಕುಚಿತ ಗುರಿಗಳು ಗುರಿಯ ಹೊರಗಿನ ಮುಖ್ಯ ಸಂಗತಿಗಳನ್ನು ಮರೆಸುತ್ತವೆ, ವಂಚನೆಗೂ ಪ್ರೇರಣೆ ಕೊಡಬಹುದು ಎಂದು ವಾದಿಸಿದರು. ಲಾಕ್ ಮತ್ತು ಲೇಥಮ್ ಇದಕ್ಕೆ ತೀಕ್ಷ್ಣವಾದ ಪ್ರತ್ಯುತ್ತರ ನೀಡಿದರು.

ಹಿಂಸೆ ಅಥವಾ ಬೆದರಿಕೆ ಇರುವ ಸಂಬಂಧದಲ್ಲಿ ಪರಸ್ಪರ ಗುರಿಗಳ ಪಟ್ಟಿ ಅನುಚಿತವಾದುದು. ಹೊಡೆತಕ್ಕೊಳಗಾದವರು 'ತಮ್ಮ ಪಾಲನ್ನು' ಸುಧಾರಿಸಿಕೊಳ್ಳಬೇಕೆಂಬ ಸೂಚನೆಯು ಹೊಣೆಯನ್ನು ತಪ್ಪು ಕಡೆಗೆ ವರ್ಗಾಯಿಸುತ್ತದೆ. ಭಾರತದಲ್ಲಿ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಅಧಿನಿಯಮವು ದೈಹಿಕ ಹಿಂಸೆಯೊಂದಿಗೆ ಲೈಂಗಿಕ, ಮೌಖಿಕ, ಭಾವನಾತ್ಮಕ ಮತ್ತು ಆರ್ಥಿಕ ಹಿಂಸೆಯನ್ನೂ ಒಳಗೊಳ್ಳುತ್ತದೆ. ಅಲ್ಲಿ ಬೇಕಾಗಿರುವುದು ಸುರಕ್ಷತೆ ಮತ್ತು ಕಾನೂನಿನ ನೆರವು. ಇದರ ಸೌಮ್ಯ ರೂಪವೂ ಇದೆ: ಒಬ್ಬರು ಇನ್ನೊಬ್ಬರ ಕರೆಗಳು, ಉತ್ತರ ಬಂದ ವೇಳೆ, ಹೋದ ಜಾಗಗಳನ್ನು ಎಣಿಸತೊಡಗಿದರೆ ಅದು ಗುರಿ ನಿಗದಿಯಲ್ಲ, ಕಣ್ಗಾವಲು.

ಮತ್ತೊಂದು ಆಕ್ಷೇಪವು ದಾಖಲೆಯನ್ನು ಕುರಿತದ್ದು. ತನ್ನನ್ನು ಮಾತನಾಡಿಸುವುದು ಯಾರದೋ ದಿನಚರಿಯ ಒಂದು ಅಂಶ ಎಂದು ತಿಳಿದಾಗ ಎದುರಿನವರಿಗೆ ನೋವಾಗಬಹುದು. ಕೆಲವರಿಗೆ ಅದು ಕಾಳಜಿಯ ಸಾಕ್ಷಿಯಾಗಿಯೂ ಕಾಣಬಹುದು. ವಯಸ್ಸಾದ ತಾಯಿಗೆ ಭಾನುವಾರದ ಕರೆ ತಪ್ಪದೆ ಬರುತ್ತದೆ ಎಂಬ ಭರವಸೆಯೇ ಆ ಕರೆಯ ಬೆಲೆಯ ದೊಡ್ಡ ಪಾಲು. ಆದ್ದರಿಂದ ಗುರಿಯನ್ನು ನಿಯತವಾಗಿ ಪರಿಶೀಲಿಸುವುದು ಅಗತ್ಯ. ಮೂರು ತಿಂಗಳ ಬಳಿಕ ಹದಿಮೂರರಲ್ಲಿ ಹದಿಮೂರು ಕರೆಗಳೂ ನಡೆದಿದ್ದು, ಪ್ರತಿಯೊಂದೂ ಊಟವಾಯಿತೇ, ಔಷಧಿ ತೆಗೆದುಕೊಂಡಿರಾ ಎಂಬಲ್ಲಿಗೆ ಮುಗಿದಿದ್ದರೆ ಅಂಕೆಯ ಪ್ರಕಾರ ಗುರಿ ಪೂರ್ಣಗೊಂಡಿದೆ. ಆಗ ಬದಲಿಸಬೇಕಾದದ್ದು ಕರೆಗಳ ಸಂಖ್ಯೆಯನ್ನಲ್ಲ. ಕರೆಯ ಬದಲು ತಿಂಗಳಿಗೊಮ್ಮೆ ಊರಿಗೆ ಹೋಗುವುದು, ಅಥವಾ ಅವರಿಗೆ ತಿಳಿದಿರುವ ಅಡುಗೆಯನ್ನೋ ಹಾಡನ್ನೋ ಪ್ರತಿ ಕರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೇಳಿ ಬರೆದುಕೊಳ್ಳುವುದು ಹೊಸ ಗುರಿಯಾಗಬಹುದು. ಅದಕ್ಕೆ ಮೊದಲು ಏನು ಇಷ್ಟ ಎಂದು ತಾಯಿಯನ್ನೇ ಕೇಳಬೇಕಾಗುತ್ತದೆ.